ಗಾಳಿ-ಕುಂಚ: ಬಳಕೆ ಮತ್ತು ಜೋಪಾನ

ಸಂಘದ ಪತ್ರಿಕೆಗೆ ಏನಾದರೂ ಬರೆದುಕೊಡು ಅಂತ ಸಂಪಾದಕ ಗೆಳೆಯರು ಮೂರು ಸಲ ಕೇಳಿದರು. ಕವಿತೆ ನನಗೆ ಒಲಿಯಲಿಲ್ಲ. ವಿಮರ್ಶೆ ಬರೆಯುವಷ್ಟು ಓದಿಕೊಂಡವನೂ ಅಲ್ಲ. ನನಗೆ ಸರಿಯಾಗಿ ಗೊತ್ತಿರುವುದು ಒಂದೇ ಒಂದು ವಸ್ತು. ಗೇಣಿಗಿಂತ ಚಿಕ್ಕದು, ಪೆನ್ನಿನ ಹಾಗೆ ಹಿಡಿಯುವಂಥದು. ಪುಸ್ತಕದಲ್ಲಿ ಅದಕ್ಕೆ ಏರ್‌ಬ್ರಷ್ ಎಂದು ಹೆಸರು. ನಾನು ಕೆಲಸ ಮಾಡಿದ ಕಡೆ ಎಲ್ಲರೂ ಬರೇ 'ಗನ್' ಅನ್ನುತ್ತಿದ್ದರು. ಕನ್ನಡದಲ್ಲಿ ಬರೆಯುವಾಗ ಗಾಳಿ-ಕುಂಚ ಎಂದರೆ ತಪ್ಪಾಗಲಾರದು ಎಂದುಕೊಂಡಿದ್ದೇನೆ. ಅದರ ಬಗ್ಗೆಯೇ ಬರೆಯುತ್ತೇನೆ. ಸಾಹಿತ್ಯದ ಪತ್ರಿಕೆಯಲ್ಲಿ ಇದೇನು ಅಂತ ಮೂಗು ಮುರಿಯಬೇಡಿ, ಕೊನೆಯ ತನಕ ಓದಿ.

ಕಾವೇರಿಯಿಂದ ಗೋದಾವರಿಯವರೆಗೆ ಹಬ್ಬಿದ ಕನ್ನಡನಾಡಿನ ಮಾತು ಒಂಬತ್ತನೆಯ ಶತಮಾನದ ಕವಿರಾಜಮಾರ್ಗದಲ್ಲಿ ಬರುತ್ತದೆ ಎಂದು ನಾವೆಲ್ಲ ಪರೀಕ್ಷೆಯಲ್ಲಿ ಬರೆದವರೇ. ಆ ಗೋದಾವರಿ ಹುಟ್ಟುವುದು ನಾಸಿಕ್ ಪಕ್ಕದ ತ್ರ್ಯಂಬಕೇಶ್ವರದಲ್ಲಿ. ಆದರೆ ನಾನು ನಾಸಿಕ್‌ಗೆ ಹೋದದ್ದು ನಾಡಿನ ಗಡಿ ನೋಡುವುದಕ್ಕಲ್ಲ. 2019ರಲ್ಲಿ ಪಿ.ಯು.ಸಿ.ಯಲ್ಲಿ ಎರಡು ವಿಷಯ ಹೋದವು. ಅಪ್ಪ ಮಾತು ಬಿಟ್ಟರು. ಅವ್ವ ಒಂದು ಚೀಲದಲ್ಲಿ ರೊಟ್ಟಿ ಕಟ್ಟಿ, ನಾಸಿಕ್ ರೋಡಿನಲ್ಲಿ ನೌಕರಿಯಲ್ಲಿದ್ದ ಸೋದರಮಾವನ ಮನೆಗೆ ಕಳಿಸಿಬಿಟ್ಟಳು. ಮಾವ ಎಂಟು ದಿನ ನನ್ನ ಮುಖ ನೋಡಿ, ಒಂಬತ್ತನೆಯ ದಿನ ಪಂಚವಟಿ ಕಡೆಯ ಒಂದು ಗಣಪತಿ ಕಾರ್ಖಾನೆಗೆ ಕರೆದುಕೊಂಡು ಹೋದರು. ತಗಡಿನ ಶೆಡ್ಡು, ಸಾಲುಸಾಲು ಬಿಳಿ ಗಣಪತಿಗಳು, ಮೂಲೆಯಲ್ಲಿ ಗುಡುಗುಡು ಅನ್ನುವ ಒಂದು ಕಂಪ್ರೆಸರ್. ಅದರ ಮಾಲೀಕರನ್ನು ಎಲ್ಲರೂ ಕಾಕಾ ಅನ್ನುತ್ತಿದ್ದರು. ಅರವತ್ತು ದಾಟಿದ ವಯಸ್ಸು, ಕಡಿಮೆ ಮಾತು. ನಾನೂ ಕಾಕಾ ಅಂದೆ. ಅವರು ನನ್ನನ್ನು 'ಪೋರಾ' ಅಂದರು. ಮರಾಠಿಯಲ್ಲಿ ಹುಡುಗಾ ಎಂದರ್ಥ.

ಒಳಗೆ ಏನಿದೆ?

ಗಾಳಿ-ಕುಂಚದ ತುದಿಯಲ್ಲಿ ಶಂಕುವಿನ ಆಕಾರದ ಒಂದು ಪುಟ್ಟ ನಳಿಕೆ ಇರುತ್ತದೆ. ಅಂಗಡಿಯಲ್ಲಿ ನಾಝಲ್ ಎಂದು ಕೇಳಬೇಕು. ಅದರ ರಂಧ್ರ 0.2ರಿಂದ 0.5 ಮಿಲಿಮೀಟರ್. ಸೂಕ್ಷ್ಮ ಕೆಲಸಕ್ಕೆ 0.2, ಸಾಮಾನ್ಯ ಕೆಲಸಕ್ಕೆ 0.3, ದಪ್ಪ ಬಣ್ಣಕ್ಕೂ ಅಗಲದ ಕೆಲಸಕ್ಕೂ 0.5. ಈ ರಂಧ್ರದೊಳಗೆ ಹಿಂದಿನಿಂದ ಒಂದು ಉದ್ದನೆಯ ಉಕ್ಕಿನ ಸೂಜಿ ಬಂದು ಕೂತಿರುತ್ತದೆ. ಸೂಜಿ ಪೂರ್ತಿ ಮುಂದಿದ್ದರೆ ರಂಧ್ರ ಮುಚ್ಚಿರುತ್ತದೆ. ಹಿಂದಕ್ಕೆ ಎಳೆದಷ್ಟೂ ತೆರೆಯುತ್ತದೆ. ನಳಿಕೆಯ ಸುತ್ತಲಿಂದ ಗಾಳಿ ವೇಗವಾಗಿ ಹೊರಬರುತ್ತದೆ. ಆ ವೇಗದಿಂದ ತುದಿಯ ಬಳಿ ಒತ್ತಡ ಇಳಿದು, ಬಟ್ಟಲಿನಲ್ಲಿರುವ ಬಣ್ಣ ತಾನಾಗಿ ಎಳೆದುಕೊಂಡು ಬರುತ್ತದೆ. ಬಂದದ್ದೇ ಗಾಳಿ ಅದನ್ನು ಹೊಡೆದು ಮಂಜು ಮಾಡುತ್ತದೆ. ಇಷ್ಟೇ ವಿದ್ಯೆ. ಬಾಯಲ್ಲಿ ನೀರು ತುಂಬಿಕೊಂಡು ಇಸ್ತ್ರಿ ಬಟ್ಟೆಗೆ ಉಗುಳುವವರನ್ನು ನೋಡಿದ್ದೀರಲ್ಲ, ಹೆಚ್ಚುಕಡಿಮೆ ಅದೇ ಉಪಾಯ.

ಇದರಲ್ಲಿ ಎರಡು ಜಾತಿ. ಮೊದಲನೆಯದರಲ್ಲಿ ಗುಂಡಿ ಒತ್ತಿದರೆ ಗಾಳಿ-ಬಣ್ಣ ಎರಡೂ ಒಟ್ಟಿಗೆ ಬರುತ್ತವೆ. ಬಣ್ಣ ಎಷ್ಟು ಬರಬೇಕೆಂಬುದನ್ನು ಮೊದಲೇ ತಿರುಪು ತಿರುಗಿಸಿ ಇಡಬೇಕು. ಎರಡನೆಯದರಲ್ಲಿ ಗುಂಡಿಯನ್ನು ಕೆಳಗೆ ಒತ್ತಿದರೆ ಗಾಳಿ, ಹಿಂದಕ್ಕೆ ಎಳೆದರೆ ಬಣ್ಣ. ಗಲ್ಲದ ಮೇಲಿನ ನೆರಳು, ಸೊಂಡಿಲಿನ ಸುಕ್ಕು, ಇಂಥ ಸೂಕ್ಷ್ಮ ಕೆಲಸಕ್ಕೆ ಎರಡನೆಯದೇ ಬೇಕು. ಕಲಿಯಲು ಕಷ್ಟ, ಕಲಿತ ಮೇಲೆ ಬೆರಳಿನ ಮಾತು ಕೇಳುತ್ತದೆ.

ಈ ಉಪಕರಣ ಹೊಸದೇನಲ್ಲ. ಅಮೆರಿಕದ ಅಯೋವಾದಲ್ಲಿ ಆಬ್ನರ್ ಪೀಲರ್ ಎಂಬಾತ 1879ರಲ್ಲಿ ಇದರ ಮೊದಲ ರೂಪ ಮಾಡಿದ. 1893ರಲ್ಲಿ ಚಾರ್ಲ್ಸ್ ಬರ್ಡಿಕ್ ಈಗ ನಾವು ಹಿಡಿಯುವ ಮಾದರಿಗೆ ಹತ್ತಿರದ್ದನ್ನು ತಂದ. ಬಹುಕಾಲ ಇದರ ಮುಖ್ಯ ಕೆಲಸ ಫೋಟೋ ತಿದ್ದುವುದಾಗಿತ್ತು. ಮಹಾರಾಷ್ಟ್ರದಲ್ಲಿ ಇದನ್ನು ಮನೆಮಾತು ಮಾಡಿದವರಲ್ಲಿ ರಘುವೀರ ಮುಳಗಾಂವಕರ್ (1918-1976) ದೊಡ್ಡ ಹೆಸರು. ಕ್ಯಾಲೆಂಡರಿನ ದೇವರುಗಳ, ದೀಪಾವಳಿ ಸಂಚಿಕೆಯ ಹೆಣ್ಣುಗಳ ಆ ನುಣುಪು ಮೈಬಣ್ಣದ ಹಿಂದೆ ಸ್ಪ್ರೇ ಕೆಲಸವಿತ್ತು. ಅದೇ ಮುಂಬಯಿಯಲ್ಲಿ ನಮ್ಮ ಕಲಬುರ್ಗಿಯ ಎಸ್. ಎಂ. ಪಂಡಿತ್ (1916-1993) ಪೌರಾಣಿಕ ಚಿತ್ರಗಳಿಗೂ ಸಿನಿಮಾ ಪೋಸ್ಟರುಗಳಿಗೂ ಕುಂಚದಲ್ಲೇ ಹೆಸರು ಮಾಡಿದರು. ಕಾಕಾನ ಶೆಡ್ಡಿನ ಗೋಡೆಯ ಮೇಲೆ ಇಬ್ಬರ ಚಿತ್ರಗಳ ಹಳೇ ಕ್ಯಾಲೆಂಡರೂ ಪಕ್ಕಪಕ್ಕ ಇದ್ದವು. "ಒಬ್ಬರಲ್ಲಿ ಮಂಜು ನೋಡು, ಇನ್ನೊಬ್ಬರಲ್ಲಿ ಅಂಚು ನೋಡು" ಅನ್ನುತ್ತಿದ್ದರು.

ಹಿಡಿಯುವ ಕ್ರಮ

ಮೊದಲ ಹದಿನೈದು ದಿನ ಕಾಕಾ ನನಗೆ ಬಣ್ಣ ಮುಟ್ಟಗೊಡಲಿಲ್ಲ. ಬಟ್ಟಲಿಗೆ ಬರೇ ನೀರು, ಎದುರಿಗೆ ಹಳೇ ಪೇಪರು. ನಿಯಮ ಒಂದೇ: ಗಾಳಿ ಮೊದಲು ಬರಬೇಕು, ಗಾಳಿ ಕೊನೆಗೆ ಹೋಗಬೇಕು. ಗುಂಡಿ ಒತ್ತಿ ಗಾಳಿ ಬಿಡು. ಆಮೇಲೆ ಹಿಂದಕ್ಕೆ ಎಳೆದು ಬಣ್ಣ ಬಿಡು. ನಿಲ್ಲಿಸುವಾಗ ಗುಂಡಿ ಮುಂದೆ ತಂದು ಮೊದಲು ಬಣ್ಣ ನಿಲ್ಲಿಸು. ಆಮೇಲೆ ಗಾಳಿ ಬಿಡು. ಈ ಕ್ರಮ ತಪ್ಪಿದರೆ ತುದಿಯಲ್ಲಿ ಒಂದು ಹನಿ ಉಳಿಯುತ್ತದೆ. ಮುಂದಿನ ಸಲ ಒತ್ತಿದಾಗ ಆ ಹನಿಯೇ ಮೊದಲು ಹಾರಿ ಮೂರ್ತಿಯ ಮೇಲೆ ಬೀಳುತ್ತದೆ.

ಬಣ್ಣದ ಹದ ಕಾಯಿಸದ ಹಾಲಿನಂತಿರಬೇಕು. ಬಟ್ಟಲಿನ ಗೋಡೆಗೆ ಒಂದು ಹನಿ ತಾಗಿಸಿದರೆ ಹಾಲಿನ ಹಾಗೆ ತೆಳ್ಳನೆ ಪೊರೆ ಬಿಟ್ಟು ಜಾರಬೇಕು. ದಪ್ಪವಾದರೆ ಮರಳು ಮರಳಾಗಿ ಬೀಳುತ್ತದೆ, ತೆಳುವಾದರೆ ಹರಿದುಹೋಗುತ್ತದೆ. ಬಟ್ಟಲಿಗೆ ಹಾಕುವ ಮುಂಚೆ ತೆಳು ಬಟ್ಟೆಯಲ್ಲಿ ಸೋಸಲೇಬೇಕು. ಗಾಳಿಯ ಒತ್ತಡ ಚದರಂಗುಲಕ್ಕೆ 20ರಿಂದ 25 ಪೌಂಡು ಇದ್ದರೆ ಹೆಚ್ಚಿನ ಕೆಲಸ ನಡೆಯುತ್ತದೆ. ಕೂದಲೆಳೆಯಂಥ ಗೆರೆಗೆ ಬಣ್ಣ ಇನ್ನಷ್ಟು ತೆಳು ಮಾಡಿ, 15ಕ್ಕೆ ಇಳಿಸಬೇಕು.

ದೂರವೇ ಗಾತ್ರ. ತುದಿಯನ್ನು ಒಂದೆರಡು ಸೆಂಟಿಮೀಟರ್ ಹತ್ತಿರ ಹಿಡಿದರೆ ಗೆರೆ, ಗೇಣು ದೂರ ಹಿಡಿದರೆ ಮಂಜು. ಮೊದಲು ಚುಕ್ಕೆ ಕಲಿಯಬೇಕು. ಒಂದು ಹಾಳೆಗೆ ನೂರು ಚುಕ್ಕೆ, ಎಲ್ಲವೂ ಒಂದೇ ಅಳತೆಯವು. ಆಮೇಲೆ ಚುಕ್ಕೆಯಿಂದ ಚುಕ್ಕೆಗೆ ಗೆರೆ. ಕೊನೆಗೆ ಕಪ್ಪಿನಿಂದ ಬಿಳಿಗೆ ಕರಗುವ ನೆರಳು. ನೆರಳು ಹಾಕುವಾಗ ಕೈ ಮಣಿಕಟ್ಟಿನಿಂದ ಅಲ್ಲ, ಭುಜದಿಂದ ಆಡಬೇಕು. ಕೈ ಆಡುತ್ತಿರುವಾಗಲೇ ಬಣ್ಣ ಬಿಡಬೇಕು, ಆಡುತ್ತಿರುವಾಗಲೇ ನಿಲ್ಲಿಸಬೇಕು. ಕೈ ನಿಂತ ಕಡೆ ಕಲೆ ಗ್ಯಾರಂಟಿ.

ಒಡವೆ, ಸೋವಳೆಯ ಅಂಚು ಇಂಥವಕ್ಕೆ ಕೊರೆದ ಹಾಳೆಯನ್ನು ಅಡ್ಡ ಇಟ್ಟು ಹೊಡೆಯುತ್ತಾರೆ. ಇದನ್ನು ನಿಮಗೆ ವಿವರಿಸಬೇಕಾದದ್ದಿಲ್ಲ. ಈ ಪುಟವೇ ಹಾಗೆ ಹುಟ್ಟಿದ್ದು. ಮೇಣದ ಸ್ಟೆನ್ಸಿಲ್ ಕೊರೆದು, ಕೊರೆದಲ್ಲಿ ಮಾತ್ರ ಶಾಯಿ ಇಳಿಸಿದರೆ ಸೈಕ್ಲೋಸ್ಟೈಲ್. ಹಾಳೆ ಕೊರೆದು, ಕೊರೆದಲ್ಲಿ ಮಾತ್ರ ಮಂಜು ಇಳಿಸಿದರೆ ಗಣಪತಿಯ ಕಂಠೀಹಾರ. ಹಾಳೆ ಮೈಗೆ ಅಂಟಿ ಕೂತರೆ ಅಂಚು ಗಡಸು. ಒಂದು ಬೆರಳು ಎತ್ತಿ ಹಿಡಿದರೆ ಅಂಚು ಮೃದು.

ಆದರೆ ಒಂದು ಕೆಲಸಕ್ಕೆ ಮಾತ್ರ ಕಾಕಾ ಗನ್ ಮುಟ್ಟುತ್ತಿರಲಿಲ್ಲ. ಕಣ್ಣು ಬರೆಯುವುದಕ್ಕೆ ಅಲ್ಲಿ 'ಆಖಣಿ' ಅನ್ನುತ್ತಾರೆ. ಮೈಬಣ್ಣ, ಪೀತಾಂಬರ, ಗಲ್ಲದ ಕೆಂಪು, ಹೊಟ್ಟೆಯ ಮಡಿಕೆಯ ನೆರಳು ಎಲ್ಲ ಗನ್ನಿನಿಂದ ಮುಗಿದ ಮೇಲೆ, ಕೊನೆಗೆ ಕಾಕಾ ಒಬ್ಬರೇ ಕೂತು ಸಣ್ಣ ಕುಂಚದಿಂದ ಕಣ್ಣು ಬರೆಯುತ್ತಿದ್ದರು. ಏಕೆಂದು ಕೇಳಿದೆ. "ಮಂಜಿಗೆ ಅಂಚಿಲ್ಲ ಪೋರಾ. ನೋಟಕ್ಕೆ ಅಂಚು ಬೇಕು" ಅಂದರು.

ನಾಸಿಕ್‌ನ ಮಳೆ

ಆ ವರ್ಷ ಆಗಸ್ಟಿನ ಮೊದಲ ವಾರ ಗೋದಾವರಿಗೆ ಮಹಾಪೂರ ಬಂತು. ರಾಮಕುಂಡದ ಬಳಿ ದುತೊಂಡ್ಯಾ ಮಾರುತಿ ಎಂಬ ದೊಡ್ಡ ವಿಗ್ರಹವಿದೆ. ನೀರು ಮಾರುತಿಯ ಮೊಣಕಾಲಿಗೆ ಬಂತೋ, ಸೊಂಟಕ್ಕೆ ಬಂತೋ ಅಂತ ಊರವರು ಪೂರ ಅಳೆಯುವುದೇ ಅದರಿಂದ. ನಮ್ಮ ಶೆಡ್ಡಿಗೆ ನೀರು ಬರಲಿಲ್ಲ. ಆದರೆ ಗಾಳಿಯಲ್ಲೇ ನೀರಿತ್ತು.

ಮಳೆಗಾಲದ ಮೊದಲ ಶತ್ರು ಇದೇ. ಕಂಪ್ರೆಸರ್ ಹಸಿ ಗಾಳಿಯನ್ನು ಹಿಂಡುತ್ತದೆ. ಹಿಂಡಿದ ಗಾಳಿ ಪೈಪಿನಲ್ಲಿ ತಣ್ಣಗಾದಾಗ ಅದರಲ್ಲಿದ್ದ ನೀರು ಹನಿಗಟ್ಟುತ್ತದೆ. ನಾವು ನೆರಳು ಹಾಕುತ್ತಿರುವಾಗ ಆ ಹನಿ ಪಚಕ್ಕನೆ ಬಂದು ಬೀಳುತ್ತದೆ. ಇದಕ್ಕೆ ಪೈಪಿನ ನಡುವೆ ನೀರು ಹಿಡಿಯುವ ಗಾಜಿನ ಬಟ್ಟಲಿನಂಥದನ್ನು ಕೂಡಿಸುತ್ತಾರೆ. ಅದರಲ್ಲಿ ಕೂತ ನೀರನ್ನು ದಿನಕ್ಕೆ ಎರಡು ಮೂರು ಸಲ ಬಿಡಬೇಕು. ಕಂಪ್ರೆಸರಿನ ಟಾಕಿಯ ತಳದ ತಿರುಪನ್ನೂ ಸಂಜೆ ಬಿಚ್ಚಿ ನೀರು ಇಳಿಸಬೇಕು. ಇದನ್ನೆಲ್ಲ ನಾನು ಚಾಚೂ ತಪ್ಪದೆ ಮಾಡುತ್ತಿದ್ದೆ. ತಪ್ಪಿದ್ದು ಬೇರೆ ಕಡೆ.

ಗಣೇಶ ಚೌತಿ ಸೆಪ್ಟೆಂಬರ್ 2ಕ್ಕೆ ಇತ್ತು. ಹಿಂದಿನ ರಾತ್ರಿ ಒಂದೂವರೆ ಅಡಿಯ ಶಾಡು ಮಣ್ಣಿನ ಗಣಪತಿಯೊಂದು ಬಾಕಿ. ಬೆಳಗಿನ ಐದಕ್ಕೆ ಮನೆಯವರು ಒಯ್ಯಲು ಬರುವವರು. ಕಣ್ಣು ಆಗಲೇ ಬರೆದಾಗಿತ್ತು. ಗಲ್ಲದ ನೆರಳು ಸ್ವಲ್ಪ ಸಾಲದು ಅಂತ ಕಾಕಾ ನನಗೆ ಹೇಳಿ ಊಟಕ್ಕೆ ಕೂತರು. ಆ ಗನ್ನಿನಲ್ಲಿ ಮಧ್ಯಾಹ್ನ ಸೋವಳೆಗೆ ಕೆಂಪು ಹೊಡೆದಿದ್ದೆ. ಅವಸರದಲ್ಲಿ ಒಂದು ಬಟ್ಟಲು ನೀರು ಹಾಯಿಸಿ, ಸ್ವಚ್ಛವಾಯಿತು ಅಂದುಕೊಂಡು, ಕಂದು ಬಣ್ಣ ಹಾಕಿದೆ. ಒತ್ತಿದೆ, ಬರಲಿಲ್ಲ. ಇನ್ನೂ ಎಳೆದೆ. ಒಳಗೆ ಒಣಗಿ ಕೂತಿದ್ದ ಕೆಂಪಿನ ಚೂರೊಂದು ಕಿತ್ತು ಬಂದು, ಅದರ ಹಿಂದೆ ಕಂದು ಸುರಿದು, ಎಡಗಣ್ಣಿನಿಂದ ಗಲ್ಲದವರೆಗೆ ಚಿಮ್ಮಿತು.

ಕಾಕಾ ಎದ್ದು ಬಂದರು. ಮೂರ್ತಿಯನ್ನು ನೋಡಲಿಲ್ಲ, ನನ್ನನ್ನು ನೋಡಿ ಕೇಳಿದರು: "ಸೂಜಿ ಯಾವಾಗ ತೆಗೆದಿದ್ದೆ?"

"ಮಧ್ಯಾಹ್ನ, ಕಾಕಾ" ಅಂದೆ. ಸುಳ್ಳು. ಮೂರು ದಿನದಿಂದ ತೆಗೆದಿರಲಿಲ್ಲ.

ಅವರು ಗನ್ ಇಸಕೊಂಡು, ಹಿಂಬದಿಯ ತಿರುಪು ಸಡಿಲಿಸಿ, ಸೂಜಿಯನ್ನು ಎಳೆದು ನನ್ನ ಅಂಗೈ ಮೇಲೆ ಇಟ್ಟರು. ಕೆಂಪು, ಅದರಡಿಗೆ ಹಳದಿ, ಅದರಡಿಗೆ ಬಿಳಿ. ಮೂರು ದಿನದ ಕೆಲಸ ಪದರ ಪದರವಾಗಿ ಸೂಜಿಗೆ ಅಂಟಿಕೊಂಡಿತ್ತು. ಒಂದು ಮಾತೂ ಆಡದೆ ಕೈತೊಳೆಯಲು ಹೋದರು.

ರಾತ್ರಿ ಮೂರರವರೆಗೆ ಆ ಮುಖವನ್ನು ಅವರು ಸರಿಮಾಡಿದರು. ಒಣಗಿಸಿ, ಸಣ್ಣ ಪಾಲಿಷ್ ಪೇಪರಿನಲ್ಲಿ ಮೆತ್ತಗೆ ಉಜ್ಜಿ, ಬಿಳಿ ಹೊಡೆದು, ಮೈಬಣ್ಣ ಹೊಡೆದು, ನೆರಳು ಹಾಕಿ, ಮತ್ತೆ ಕಣ್ಣು. ನಾನು ದೀಪ ಹಿಡಿದು ನಿಂತಿದ್ದೆ. ಪರೀಕ್ಷೆಯಲ್ಲಿ ಹೋದಾಗ ಆಗದ ನಾಚಿಕೆ ಆಗ ಆಯಿತು. ಐದಕ್ಕೆ ಒಬ್ಬ ಅಜ್ಜಿ ಮೊಮ್ಮಗನ ಜೊತೆ ಬಂದು, ಮುಖ ನೋಡಿ ಕೈಮುಗಿದು, ತಲೆಗೆ ಕರವಸ್ತ್ರ ಮುಚ್ಚಿ ಒಯ್ದಳು. ಕಾಕಾ ಮಾವನಿಗೆ ಏನೂ ಹೇಳಲಿಲ್ಲ. ನನಗೆ ಇಷ್ಟೇ ಹೇಳಿದರು: "ಇನ್ನು ಮೇಲೆ ಸಂಜೆ ಎಲ್ಲರ ಗನ್ನೂ ನೀನೇ ತೊಳಿ." ಶೆಡ್ಡಿನಲ್ಲಿ ಏಳು ಗನ್ ಇದ್ದವು. ನವರಾತ್ರಿಯ ದೇವಿ ಮೂರ್ತಿಗಳ ಕೆಲಸ ಮುಗಿಯುವವರೆಗೆ ಏಳನ್ನೂ ನಾನೇ ತೊಳೆದೆ. ನನಗೆ ಈ ವಿದ್ಯೆ ಬಂದದ್ದು ಬಣ್ಣ ಹೊಡೆದಲ್ಲ, ತೊಳೆದು.

ತೊಳೆಯುವ ಕ್ರಮ

ಬಣ್ಣ ಬದಲಿಸುವಾಗ ಬಟ್ಟಲಿನ ಬಣ್ಣ ಚೆಲ್ಲಿ, ಒರೆಸಿ, ನೀರು ಹಾಕಿ ಹಾಯಿಸಿ. ನಂತರ ತುದಿಗೆ ಬಟ್ಟೆ ಒತ್ತಿ ಹಿಡಿದು ಮೆಲ್ಲಗೆ ಗಾಳಿ ಬಿಟ್ಟರೆ ಗಾಳಿ ಹಿಂದಕ್ಕೆ ನುಗ್ಗಿ ಬಟ್ಟಲಿನಲ್ಲಿ ಗುಳುಗುಳು ಗುಳ್ಳೆ ಏಳುತ್ತವೆ. ಸಂದಿಯಲ್ಲಿ ಕೂತ ಬಣ್ಣ ಮೇಲೆ ಬರುತ್ತದೆ. ಆ ನೀರು ಚೆಲ್ಲಿ, ಹೊಸ ನೀರು ಹಾಕಿ. ಹೊರಬರುವ ಮಂಜು ಬಿಳಿ ಹಾಳೆಯ ಮೇಲೆ ಯಾವ ಬಣ್ಣವನ್ನೂ ಬಿಡದ ತನಕ ಇದನ್ನೇ ಮಾಡಬೇಕು.

ಅಕ್ರಿಲಿಕ್ ಹಸಿಯಿದ್ದಾಗ ನೀರಿಗೆ ಬಿಡುತ್ತದೆ, ಒಣಗಿದರೆ ಬಿಡುವುದಿಲ್ಲ. ಹಾಗಾಗಿ ದಿನದ ಕೊನೆಗೆ ನೀರಿನ ಮೇಲೆ ಆ ಬಣ್ಣಕ್ಕೆ ತಕ್ಕ ಕ್ಲೀನರ್ ಒಂದು ಸಲ ಹಾಯಿಸಬೇಕು. ಆಮೇಲೆಯೇ ಸೂಜಿ ತೆಗೆಯುವುದು. ತೊಳೆಯದೆ ಎಳೆದರೆ ಬಣ್ಣವೂ ಸೂಜಿಯ ಜೊತೆ ಹಿಂದೆ ಬಂದು, ಒಳಗಿನ ಸೀಲಿಗೆ ಅಂಟಿ, ಗುಂಡಿ ಜಿಗುಟಾಗುತ್ತದೆ. ಸೂಜಿಯನ್ನು ಹಿಂದಿನಿಂದ ತುದಿಯ ಕಡೆಗೆ, ತಿರುಗಿಸುತ್ತ ಒರೆಸಬೇಕು. ತುದಿಯ ಎದುರಿನಿಂದ ಒರೆಸಿದರೆ ಬಟ್ಟೆಯೂ ಹರಿಯುತ್ತದೆ, ಬೆರಳೂ ಹರಿಯುತ್ತದೆ, ಸೂಜಿಯೂ ಕೆಡುತ್ತದೆ. ಮತ್ತೆ ಹಾಕುವಾಗ ಗನ್ನಿಗೆ ತಕ್ಕ ಎಣ್ಣೆಯ ಒಂದು ಸಣ್ಣ ಹನಿ ಸವರಿ, ಒಳಗೆ ತಾಗಿತು ಅನ್ನಿಸಿದ ಕೂಡಲೇ ನಿಲ್ಲಿಸಿ. ಜೋರಾಗಿ ನೂಕಿದರೆ ನಳಿಕೆ ಸೀಳುತ್ತದೆ. ಹಾಗೆಯೇ ಇಡೀ ಗನ್ನನ್ನು ಥಿನ್ನರಿನಲ್ಲಿ ಮುಳುಗಿಸಿ ಇಡುವವರನ್ನೂ ನೋಡಿದ್ದೇನೆ. ಲೋಹಕ್ಕೆ ಏನೂ ಆಗದಿರಬಹುದು, ಒಳಗಿನ ರಬ್ಬರ್ ಮಾತ್ರ ಉಬ್ಬಿ ಹಾಳಾಗುತ್ತದೆ.

ಕೆಲವು ರೋಗ, ಅವುಗಳ ಕಾರಣ: ಬಟ್ಟಲಿನಲ್ಲಿ ತಾನಾಗಿ ಗುಳ್ಳೆ ಬಂದರೆ ನಳಿಕೆ ಸಡಿಲ, ಇಲ್ಲವೇ ಸೀಳಿದೆ. ಗೆರೆ ಒಂದೇ ಕಡೆಗೆ ವಾಲಿದರೆ ಸೂಜಿಯ ತುದಿ ಬಾಗಿದೆ. ಹೊಡೆದಲ್ಲಿ ಜೇಡನ ಕಾಲಿನ ಹಾಗೆ ಬಣ್ಣ ಹರಿದರೆ ತೀರ ಹತ್ತಿರ ಹಿಡಿದು ತೀರ ಹೆಚ್ಚು ಬಿಟ್ಟಿದ್ದೀರಿ. ಮರಳಿನಂತೆ ಬಿದ್ದರೆ ಬಣ್ಣ ದಪ್ಪ, ಇಲ್ಲವೇ ಒತ್ತಡ ಸಾಲದು.

ಮರಾಠವಾಡದ ಬಿಸಿಲು

ಪಿ.ಯು.ಸಿ. ಮುಗಿಸಿ ಕಾಲೇಜು ಸೇರಿದ ಮೇಲೆ, 2022ರ ಮೇ ತಿಂಗಳ ರಜೆಗೆ ಕಾಕಾನ ಗುರುತಿನ ಮೇಲೆ ಔರಂಗಾಬಾದಿಗೆ ಹೋದೆ. 2023ರಲ್ಲಿ ಅದಕ್ಕೆ ಛತ್ರಪತಿ ಸಂಭಾಜಿನಗರ ಎಂದು ಹೆಸರಾಯಿತು. ಗುಲ್‌ಮಂಡಿಯ ಹಿಂದಿನ ಗಲ್ಲಿಯಲ್ಲಿ ಒಬ್ಬ ಉಸ್ತಾದರು ಮೋಟರ್ ಸೈಕಲ್ಲಿನ ಟಾಕಿಗಳ ಮೇಲೆ, ಹೆಲ್ಮೆಟ್ಟುಗಳ ಮೇಲೆ ಚಿತ್ರ ಬರೆಯುತ್ತಿದ್ದರು: ಹುಲಿ, ಹದ್ದು, ಶಿವಾಜಿ ಮಹಾರಾಜರ ಮುಖ.

ನಾಸಿಕ್‌ನಲ್ಲಿ ನೀರು ಶತ್ರುವಾದರೆ ಇಲ್ಲಿ ಒಣಗುವುದೇ ಶತ್ರು. ಆ ಬಿಸಿಲಿಗೆ ಬಣ್ಣ ಸೂಜಿಯ ತುದಿಯಲ್ಲೇ ಒಣಗಿ ಒಂದು ಕಾಳು ಕಟ್ಟುತ್ತದೆ. ಗೆರೆ ಮಸುಕಾಗುತ್ತದೆ, ನಿಲ್ಲುತ್ತದೆ, ಆಮೇಲೆ ಒಮ್ಮೆಲೇ ಚಿಮ್ಮುತ್ತದೆ. ಉಸ್ತಾದರು ಎರಡು ಮೂರು ನಿಮಿಷಕ್ಕೊಮ್ಮೆ ತುದಿಯನ್ನು ಒದ್ದೆ ಕುಂಚದಿಂದ ಸವರುತ್ತಿದ್ದರು, ಬಣ್ಣಕ್ಕೆ ನಿಧಾನ ಒಣಗಿಸುವ ದ್ರವ ಬೆರೆಸುತ್ತಿದ್ದರು, ಸೂಕ್ಷ್ಮ ಕೆಲಸವನ್ನೆಲ್ಲ ಬೆಳಗಿನ ಒಂಬತ್ತರೊಳಗೆ ಮುಗಿಸುತ್ತಿದ್ದರು. ಬಾಗಿದ ಸೂಜಿ ಪತ್ತೆ ಮಾಡುವುದನ್ನೂ ಅವರೇ ತೋರಿಸಿದರು. ಸೂಜಿಯನ್ನು ಗಾಜಿನ ಮೇಲೆ ಉರುಳಿಸಿದರೆ ಬಾಗಿದ ತುದಿ ಏರಿಳಿಯುತ್ತದೆ. ಉಗುರಿನ ಮೇಲೆ ಮೆಲ್ಲಗೆ ಹಿಂದಕ್ಕೆ ಎಳೆದರೆ ಕೊಕ್ಕೆಯ ಹಾಗೆ ಸಿಕ್ಕಿಕೊಳ್ಳುತ್ತದೆ.

ಅಂಗಡಿಗೆ ರಜೆ ಸೋಮವಾರ. ಅಜಂತಾ ಗುಹೆಗಳಿಗೂ ರಜೆ ಸೋಮವಾರವೇ! ಉಸ್ತಾದರಿಗೆ ಹೇಳಿದೆ. "ಹಾಗಾದರೆ ಬುಧವಾರ ಹೋಗು. ಬಣ್ಣದವನು ಅದನ್ನು ನೋಡದೆ ಊರು ಬಿಡಬಾರದು" ಅಂತ ಬಸ್ಸಿನ ದುಡ್ಡನ್ನೂ ಕೊಟ್ಟರು. ನೂರು ಕಿಲೋಮೀಟರ್ ದಾರಿ. ಒಂದನೆಯ ಗುಹೆಯ ಪದ್ಮಪಾಣಿಯ ಮುಂದೆ ನಿಂತೆ. ಐದನೆಯ ಶತಮಾನದ ಕೆಲಸ. ಮಣ್ಣಿನ ಗಾರೆಯ ಮೇಲೆ ಕಾವಿ, ಹಳದಿ ಮಣ್ಣು, ಹಸಿರು ಮಣ್ಣು, ದೀಪದ ಕಪ್ಪು, ದೂರದಿಂದ ತರಿಸಿದ ಲಾಜವರ್ದದ ನೀಲಿ. ಗಲ್ಲದ ಅಂಚಿಗೆ ನೆರಳು, ಮೂಗಿನ ಏಣಿಗೆ ಬೆಳಕು, ಎಲ್ಲ ಕೈಯಿಂದಲೇ.

ಊರಿಗೆ ಬಂದು ನಮ್ಮ ಸಂಸ್ಕೃತ ಮೇಷ್ಟ್ರಿಗೆ ಇದನ್ನು ಹೇಳಿದಾಗ ಅವರು ವಿಷ್ಣುಧರ್ಮೋತ್ತರ ಪುರಾಣದ ಚಿತ್ರಸೂತ್ರದ ಮಾತೆತ್ತಿದರು. ಅದರಲ್ಲಿ ನೆರಳು ಹಾಕುವ ಮೂರು ಬಗೆ ಇವೆಯಂತೆ: ಎಲೆಯ ನರದಂಥ ಗೆರೆಗಳಿಂದ ಹಾಕುವ ಪತ್ರಜ, ತೀರ ನವಿರಾದ ಐರಿಕ, ಚುಕ್ಕೆಗಳಿಂದ ಹಾಕುವ ಬಿಂದುಜ. ಬಿಂದುಜ! ಕಾಕಾ ನನಗೆ ಹದಿನೈದು ದಿನ ನೀರಿನಲ್ಲಿ ಇಡಿಸಿದ ಚುಕ್ಕೆಗಳು ನೆನಪಾದವು. ಗಾಳಿ-ಕುಂಚ ಮಾಡುವುದೂ ಬಿಂದುಜವೇ. ಚುಕ್ಕೆ ಕಣ್ಣಿಗೆ ಕಾಣದಷ್ಟು ಸಣ್ಣದು, ಅಷ್ಟೇ ವ್ಯತ್ಯಾಸ. ಯಂತ್ರ ಬಂದು ಕಲೆ ಕೆಡಿಸಿತು ಅನ್ನುವ ಗೆಳೆಯರಿಗೆ ನನ್ನ ಉತ್ತರ ಇದು. ಕೆಡಿಸುವುದು ಯಂತ್ರವಲ್ಲ, ಸೂಜಿ ತೆಗೆದೆ ಅಂತ ಸುಳ್ಳು ಹೇಳುವ ಕೈ.

ಕೊನೆಯದಾಗಿ

ಒಂದು ಮಾತು ಬಿಟ್ಟರೆ ದ್ರೋಹವಾದೀತು. ಕಾಕಾ ಸಂಜೆ ಮೂಗು ಒರೆಸಿದರೆ ಕರವಸ್ತ್ರದಲ್ಲಿ ಕೇಸರಿ, ಗುಲಾಬಿ ಬರುತ್ತಿತ್ತು. ಮುಖಕ್ಕೆ ಅವರು ಕಟ್ಟುತ್ತಿದ್ದದ್ದು ಒಂದು ಪಂಚೆಯ ತುಂಡು. ರಾತ್ರಿಯೆಲ್ಲ ಕೆಮ್ಮು. ಮಂಜಾಗಿ ಹಾರುವ ಬಣ್ಣ ನೀರಿನದಾದರೂ ಶ್ವಾಸಕ್ಕೆ ಒಳ್ಳೆಯದಲ್ಲ, ಥಿನ್ನರಿನದಂತೂ ವಿಷ. ಸೀಸ, ಕ್ಯಾಡ್ಮಿಯಂ ಇರುವ ಬಣ್ಣಗಳನ್ನು ಗನ್ನಿನಲ್ಲಿ ಹಾಕಲೇಬಾರದು. ಕಿಟಕಿ ತೆರೆದು, ಹೊರಕ್ಕೆ ಗಾಳಿ ಎಳೆಯುವ ಫ್ಯಾನು ಇಟ್ಟು, ಸರಿಯಾದ ಫಿಲ್ಟರಿನ ಮಾಸ್ಕು ಹಾಕಿಕೊಂಡೇ ಕೆಲಸ. ಥಿನ್ನರಿನ ಹೊಗೆಗೆ ಬಟ್ಟೆಯ ಮಾಸ್ಕು ಏನೂ ಮಾಡದು. ಮೊದಲ ಸಂಬಳದಲ್ಲಿ ನಾನು ಕಾಕಾನಿಗೆ ಒಂದು ಮಾಸ್ಕು ಒಯ್ದುಕೊಟ್ಟೆ. ನಕ್ಕು, ಗೋಡೆಯ ಮೊಳೆಗೆ ನೇತುಹಾಕಿದರು. ಹಾಕಿಕೊಳ್ಳುತ್ತಾರೋ ಇಲ್ಲವೋ, ಮಾವನಿಗೆ ಪ್ರತಿ ಫೋನಿನಲ್ಲೂ ಕೇಳುತ್ತೇನೆ.

ಈ ಸಲದ ರಾಜ್ಯೋತ್ಸವಕ್ಕೆ ಸಂಘದ ರಂಗದ ಪರದೆಯನ್ನು ಗಾಳಿ-ಕುಂಚದಲ್ಲೇ ಬರೆಯಬೇಕೆಂದಿದ್ದೇನೆ. ಕಲಿಯುವ ಮನಸ್ಸಿದ್ದವರು ಸಂಜೆ ಬನ್ನಿ. ಗನ್ ನನ್ನದೇ ಇದೆ, ಹಳೇ ಪೇಪರು ನೀವು ತನ್ನಿ. ಆದರೆ ಮೊದಲೇ ಹೇಳಿರುತ್ತೇನೆ: ಹದಿನೈದು ದಿನ ಬಣ್ಣ ಸಿಗುವುದಿಲ್ಲ, ಬರೇ ನೀರು. ಹೋಗುವ ಮುಂಚೆ ಪ್ರತಿಯೊಬ್ಬರೂ ಸೂಜಿ ತೆಗೆದು ನನ್ನ ಅಂಗೈ ಮೇಲೆ ಇಟ್ಟು ಹೋಗಬೇಕು.